ಮಳೆ ಹಿಡಿಯುವ ಮುನ್ನ ಅಗಳ (ಕಂದಕ), ಬಸಿಗಾಲುವೆಗಳ ಬಗ್ಗೆ

ಗುಂಪಿನ ಎಲ್ಲ ತೋಟಗಾರ ಬಂಧುಗಳಿಗೆ ನಮಸ್ಕಾರ.

ಮುಂಗಾರು ಹಿಡಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ತೋಟದ ಬಸಿಗಾಲುವೆಗಳನ್ನು (ಹೆಚ್ಚಿನ ನೀರು ಬಸಿದುಹೋಗುವ ಕಾಲುವೆಗಳನ್ನು) ತುದಿಯಿಂದ ತುದಿಯವರೆಗೆ ಒಮ್ಮೆ ನಡೆದು ನೋಡಬೇಕೆಂದು ಕೋರುತ್ತೇನೆ. ಅಡಿಕೆ ಮರದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಕಾಲುವೆಯ ತಳವು ಸಸಿ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದು ಅಡಿ ಕೆಳಗಿರಬೇಕು. ಕಳೆದ ವರ್ಷ ನಮ್ಮ ತೋಟದಲ್ಲಿ ಒಂದೇ ಒಂದು ಸೋಗೆ (ಅಡಿಕೆ ಗರಿ) ಅಡ್ಡಬಿದ್ದು, ಅದರ ಹಿಂದೆ ದರಕು (ಒಣ ಎಲೆ), ಅಡಿಕೆ ಹಾಳೆ, ಮಣ್ಣು ಸೇರಿಕೊಂಡು, ಎರಡೇ ದಿನಗಳಲ್ಲಿ ನೀರು ಪಕ್ಕದ ಸಾಲಿಗೆ ನುಗ್ಗಿತ್ತು. ತೆಗೆದ ಹೂಳನ್ನು ಅಂಚಿನಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೇ ಮತ್ತೆ ಕಾಲುವೆ ಸೇರುತ್ತದೆ. ಅದನ್ನು ಮರದ ಬುಡಕ್ಕೆ ಏರಿಸಿ.

ನೆರೆಹೊರೆಯ ತಕರಾರು ಹುಟ್ಟುವುದು ನೀರಿನ ದಾರಿಯ ವಿಷಯದಲ್ಲಿ. ಅಕ್ಕಪಕ್ಕದ ಜಮೀನುಗಳವರ ಪರಸ್ಪರ ಹಕ್ಕುಗಳನ್ನು ಹೇಳುವ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಪ್ರಕರಣದಂತೆ, ಮೇಲಿನ ಜಮೀನಿನಿಂದ ಸಹಜವಾಗಿ ಹರಿದುಬರುವ ಮಳೆನೀರನ್ನು ಕೆಳಗಿನವರು ತಡೆಯುವಂತಿಲ್ಲ. ಹಾಗೆಂದು ಮೇಲಿನವರು ಹೊಸ ಅಗಳ ತೋಡಿ, ಗುಡ್ಡದ ನೀರನ್ನೆಲ್ಲ ಒಟ್ಟುಗೂಡಿಸಿ ಕೆಳಗಿನವರ ಗದ್ದೆಗೆ ತಿರುಗಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಜಾಗ) ಎಂದು ದಾಖಲಾದ ಹಳ್ಳವು ನಮ್ಮ ಬೇಲಿಯೊಳಗೇ ಇದ್ದರೂ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣದ ಪ್ರಕಾರ ಅದು ಸರ್ಕಾರದ ಸ್ವತ್ತು. ಅದನ್ನು ಮುಚ್ಚಿ ತೋಟ ವಿಸ್ತರಿಸಬಾರದು.

ಗಡಿಯಲ್ಲಿ ಅಗಳ ತೆಗೆಸುವವರು ಜೆಸಿಬಿ ಕರೆಸುವ ಮೊದಲೇ ಸರ್ವೆ ಕಲ್ಲುಗಳನ್ನು ಗುರುತಿಸಿ, ಪಕ್ಕದ ಜಮೀನಿನವರನ್ನು ಕರೆದು ಸ್ಥಳದಲ್ಲೇ ತೋರಿಸಿ.