ಹಲಗೆ ಎಲ್ಲಿ?

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿಯೂ ಕಾಗದವೂ ತಲುಪಿದವು. ವಿಡಂಬನೆ ವಾಪಸ್ ಬಂತು, ಇನ್ನು ಬರೆಯುವುದೇ ಇಲ್ಲ ಅಂದಿದ್ದೀಯ. ಓದಿ ಸಂಕಟವಾಯಿತು. ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ಯಾರಾದರೂ ಹೇಳಿಯಾರು, ಬಿಡು. ನಿನ್ನ ನಾಯಕನ ಹೊಟ್ಟೆಯ ಮೇಲೆ ಮೂರು ಪುಟ ಬರೆದಿದ್ದೀಯ. ಆ ಹೊಟ್ಟೆ ತುಂಬಿದ್ದು ಹೇಗೆ ಅಂತ ಒಂದು ಸಾಲೂ ಇಲ್ಲ!

1831ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ವ್ಯಂಗ್ಯಚಿತ್ರಕಾರ ಓನೊರೆ ದೋಮಿಯೆಗೆ 23 ವರ್ಷ. ನಿನ್ನ ವಯಸ್ಸೇ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ‘ಗಾರ್ಗಾಂತ್ವಾ’ ಎಂಬ ಹೊಟ್ಟೆಬಾಕ ರಾಕ್ಷಸನನ್ನಾಗಿ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವ ಬಗೆಯಲ್ಲಿ, ಬರೆದ. ಅವನೂ ಹೊಟ್ಟೆ ಬರೆದ, ಇಲ್ಲವೆನ್ನುವುದಿಲ್ಲ. ಆದರೆ ಆ ಚಿತ್ರವನ್ನು ಹತ್ತಿರದಿಂದ ನೋಡು. ನೆಲದಿಂದ ದೊರೆಯ ಬಾಯಿಯವರೆಗೆ ಒಂದು ಉದ್ದನೆಯ ಹಲಗೆ. ಅದರ ಮೇಲೆ ಬುಟ್ಟಿ ಹೊತ್ತ ಪುಟಾಣಿ ಆಳುಗಳು ಏರುತ್ತಿದ್ದಾರೆ, ಬುಟ್ಟಿಗಳಲ್ಲಿ ಜನರ ದುಡ್ಡು. ಕೆಳಗೆ ಕೊಡಲು ಬಂದ ಬಡವರು, ಮಗು ಎತ್ತಿಕೊಂಡ ಒಬ್ಬ ಬಡಕಲು ಹೆಂಗಸು. ದೊರೆ ಕೂತ ಸಿಂಹಾಸನದ ಅಡಿಯಿಂದ ಪದಕ, ಪದವಿಗಳ ಕಾಗದಗಳು ಉದುರುತ್ತಿವೆ. ಈ ಚಿತ್ರಕ್ಕಾಗಿ ದೋಮಿಯೆಗೆ ಆರು ತಿಂಗಳ ಜೈಲು, 500 ಫ್ರಾಂಕ್ ದಂಡ ಬಿತ್ತು. ಆ ಹಲಗೆ ಇರದಿದ್ದರೆ ಅದು ಬರೀ ದಪ್ಪ ಮನುಷ್ಯನೊಬ್ಬನ ಚಿತ್ರವಾಗುತ್ತಿತ್ತು.

ಅವನ ಸಂಪಾದಕ ಶಾರ್ಲ್ ಫಿಲಿಪೋನ್ ದೊರೆಯ ಮುಖ ಹಂತಹಂತವಾಗಿ ಪೇರ್ ಹಣ್ಣಾಗುವುದನ್ನು ನ್ಯಾಯಾಲಯದಲ್ಲೇ ಬರೆದು ತೋರಿಸಿದ್ದ. ಪ್ಯಾರಿಸ್ಸಿನ ಗೋಡೆಗಳ ಮೇಲೆಲ್ಲ ಪೇರ್ ಹಣ್ಣು ಬಂತು. ಅದೂ ಮುಖದ ತಮಾಷೆಯೇ ಅಂತ ನೀನು ವಾದಿಸಬಹುದು. ವಾದಿಸು. ನನಗೆ ಮಾತ್ರ ಹಲಗೆಯೇ ದೊಡ್ಡದು.

ಯಾಕೆ ಇಷ್ಟು ಹಟ ಅಂದರೆ, ನಾನೂ ಒಮ್ಮೆ ನಿನ್ನದೇ ತಪ್ಪು ಮಾಡಿದ್ದೇನೆ. ಒಬ್ಬ ರಾಜಕಾರಣಿ ತೊದಲುತ್ತಿದ್ದ. ಅವನ ತೊದಲನ್ನೇ ಹಿಡಿದು ಒಂದು ಲೇಖನ ಬರೆದೆ. ಜನ ಅದನ್ನು ಜೆರಾಕ್ಸ್ ಮಾಡಿ ಹಂಚಿದರು, ಮದುವೆಮನೆಗಳಲ್ಲಿ ಓದಿ ನಕ್ಕರು. ಅದೇ ವರ್ಷ ಅವನ ಕಡೆಯವರು ನಮ್ಮೂರ ಕೆರೆಯಂಗಳವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ನನಗೆ ಗೊತ್ತಿತ್ತು. ಅದನ್ನು ಬರೆಯಲು ಪಹಣಿ ತೆಗೆಸಬೇಕಿತ್ತು, ಹತ್ತು ಮನೆ ಬಾಗಿಲು ತಟ್ಟಬೇಕಿತ್ತು. ತೊದಲಿಗೆ ಏನೂ ಬೇಕಿರಲಿಲ್ಲ. ಪಕ್ಕದ ಮನೆಯ ಹುಡುಗ ದಿನಾ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದ. ಅವನಿಗೂ ತೊದಲಿತ್ತು. ಆ ಲೇಖನ ಬಂದ ಮೇಲೆ ಅವನು ನಮ್ಮ ಮನೆ ಕಡೆ ಬರಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಜೈಲಿನಿಂದ ಬಂದ ದೋಮಿಯೆ 1834ರಲ್ಲಿ ಇನ್ನೊಂದು ಚಿತ್ರ ಬರೆದ. ಪ್ಯಾರಿಸ್ಸಿನಲ್ಲಿ ಆ ಏಪ್ರಿಲ್‌ನಲ್ಲಿ ಟ್ರಾನ್ಸ್‌ನೊನೇ ಬೀದಿಯ ಮನೆಯೊಂದಕ್ಕೆ ಸೈನಿಕರು ನುಗ್ಗಿ ಕಂಡವರನ್ನೆಲ್ಲ ಕೊಂದಿದ್ದರು. ಚಿತ್ರದಲ್ಲಿ ದೊರೆಯೂ ಇಲ್ಲ, ಸೈನಿಕರೂ ಇಲ್ಲ. ರಾತ್ರಿಯಂಗಿಯಲ್ಲೇ ಮಂಚದ ಪಕ್ಕ ಸತ್ತುಬಿದ್ದ ಒಬ್ಬ ಗಂಡಸು, ಅವನ ಮೈಯಡಿ ಒಂದು ಕೂಸು. ಸರ್ಕಾರ ಆ ಕಲ್ಲನ್ನೂ ಪ್ರತಿಗಳನ್ನೂ ಹುಡುಕಿ ವಶಪಡಿಸಿಕೊಂಡಿತು.

ನಿನ್ನ ಏಳನೇ ಪುಟದಲ್ಲಿ ಒಬ್ಬಳು ಮುದುಕಿ ಪಿಂಚಣಿ ಅರ್ಜಿ ಹಿಡಿದು ನಾಯಕನ ಗೇಟಿನ ಹೊರಗೆ ನಿಂತಿದ್ದಾಳೆ. ಎರಡೇ ಸಾಲಿನಲ್ಲಿ ಅವಳನ್ನು ಬಿಟ್ಟು ಹೋಗಿದ್ದೀಯಲ್ಲೋ! ಅವಳು ಯಾವ ಬಸ್ಸಿಗೆ ಬಂದಳು, ಎಷ್ಟನೇ ಸಲ ಬಂದಳು, ಗೇಟಿನವನ ಕೈಗೆ ಏನು ಕೊಟ್ಟಳು? ಹೊಟ್ಟೆಯ ಮೂರು ಪುಟ ತೆಗೆದುಹಾಕು, ಇವಳನ್ನು ಬರೆದು ಹಬ್ಬದೊಳಗೆ ನನಗೆ ಕಳಿಸು.

ಇಂತಿ,
ನಿನ್ನ ಹಿತೈಷಿ