ಮನೆಯನ್ನು ಹೋಂಸ್ಟೇ ಮಾಡುವ ಮುನ್ನ, ಶ್ರೀಪಾದನಿಗೆ

ಪ್ರಿಯ ಶ್ರೀಪಾದ,

ತೀರ್ಥಹಳ್ಳಿಯ ನಮ್ಮ ಮನೆಯನ್ನು ಹೋಂಸ್ಟೇ ಮಾಡೋಣವೇ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಹೂಂ ಎಂದಿದ್ದೆನಲ್ಲ, ಆ ಮಾತನ್ನು ಮತ್ತೆ ಎತ್ತಿಕೊಳ್ಳಬೇಕಾಗಿದೆ. ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆಂದು ಬೇಸರಿಸಬೇಡ. ಮಲೆನಾಡಿನ ದೊಡ್ಡ ಮನೆಯಲ್ಲಿ ತಾಯಿಯೊಬ್ಬಳನ್ನೇ ಬಿಟ್ಟು ದೂರದಲ್ಲಿ ನೆಲೆಸಿರುವವನು ನಾನೊಬ್ಬನೇ ಅಲ್ಲ.

ಹೆಂಡತಿಯ ಹುಟ್ಟುಹಬ್ಬಕ್ಕೆಂದು ಈ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕ್ಲಿವ್ಡನ್ ಹೌಸ್‌ಗೆ ಹೋಗಿದ್ದೆವು. ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ, ಥೇಮ್ಸ್ ನದಿ ಕೆಳಗೆ ಕಾಣುವ ಎತ್ತರದ ದಿಬ್ಬದ ಮೇಲಿರುವ ಈ ಬಂಗಲೆಯನ್ನು, 1849ರಲ್ಲಿ ಹಳೆಯ ಮನೆ ಸುಟ್ಟುಹೋದ ಮೇಲೆ, ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ ಹೊಸದಾಗಿ ಕಟ್ಟಿದ. 1893ರಲ್ಲಿ ಇದನ್ನು ಕೊಂಡ ಅಮೆರಿಕದ ಸಿರಿವಂತ ವಿಲಿಯಂ ವಾಲ್ಡಾರ್ಫ್ ಆಸ್ಟರ್, 1906ರಲ್ಲಿ ಮಗನ ಮದುವೆಗೆ ಉಡುಗೊರೆಯಾಗಿ ಕೊಟ್ಟ. ಆ ಸೊಸೆಯೇ ನ್ಯಾನ್ಸಿ ಆಸ್ಟರ್, 1919ರಲ್ಲಿ ಬ್ರಿಟನ್ನಿನ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ. 1942ರಲ್ಲಿ ಆಸ್ಟರ್ ಮನೆತನದವರು, ತಾವು ಅಲ್ಲಿಯೇ ವಾಸಿಸಬಹುದೆಂಬ ಏರ್ಪಾಡಿನೊಂದಿಗೆ, ಮನೆಯನ್ನು ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬರೆದುಕೊಟ್ಟರು. ಅರವತ್ತರ ದಶಕದಲ್ಲಿ ಅವರೂ ಹೊರಟುಹೋದರು, ಎಂಬತ್ತರ ದಶಕದಲ್ಲಿ ಅದು ಹೋಟೆಲಾಯಿತು.

ಚಳಿಗಾಲದ ಕ್ಲಿವ್ಡನ್ ತುಂಬಾ ಚೆಲುವಾಗಿದೆ. ನಾಲ್ಕು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಅಷ್ಟರೊಳಗೆ ತೋಟ ಸುತ್ತಿ ಬರಬೇಕು. ಅಲ್ಲಿನ ಅಮೃತಶಿಲೆಯ ವಿಗ್ರಹಗಳಿಗೆ ಚಳಿಗಾಲ ಬರುವ ಮೊದಲೇ ಹೊದಿಕೆ ತೊಡಿಸುತ್ತಾರೆ, ಏಕೆಂದರೆ ಕಲ್ಲಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲೇ ಸೀಳುತ್ತದೆ. ಅಷ್ಟು ಕಾಳಜಿಯಿಂದ ನೋಡಿಕೊಳ್ಳುವುದನ್ನು ಕಂಡು ನನಗೆ ನಿಜವಾಗಿಯೂ ಗೌರವ ಮೂಡಿತು.

ಸಂಜೆ ಹಜಾರದಲ್ಲಿ, ಫ್ರಾನ್ಸಿನಿಂದ ತಂದು ಕೂಡಿಸಿದ 16ನೆಯ ಶತಮಾನದ ಕಲ್ಲಿನ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದೆ. ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಬಿಡಿಸಿದ ನ್ಯಾನ್ಸಿಯ ಚಿತ್ರ ಅಲ್ಲಿಯೇ ತೂಗುತ್ತದೆ; ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾರೋ ಕರೆದಿದ್ದಕ್ಕೆ ತಿರುಗಿದವಳಂತೆ ನಿಂತಿದ್ದಾಳೆ. ಬಂದವರೆಲ್ಲ ಆ ಚಿತ್ರದ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೊರಡು ಸರಿಮಾಡಲು ಬಂದ ಹುಡುಗಿ, ಬೆಚ್ಚಗಿದೆಯೇ ಎಂದು ಕೇಳಿದಳು. ಇದೆ ಎಂದೆ. ಆದರೆ ಈ ಮನೆಯಲ್ಲಿ ಎಲ್ಲವೂ ಇದ್ದು ಮನೆಯವರು ಮಾತ್ರ ಇಲ್ಲ ಎಂಬುದು ಆಗ ಹೊಳೆಯಿತು, ಹೊಳೆದದ್ದು ಹೋಗಲಿಲ್ಲ.

ಇದೇ ತಿಂಗಳಲ್ಲಿ ನಮ್ಮಲ್ಲಿ ಅಡಿಕೆ ಕೊಯ್ಲು. ಅಂಗಳದ ಚಪ್ಪರದ ಕೆಳಗೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಸದ್ದು, ಬೇಯುವ ಅಡಿಕೆಯ ಚೊಗರಿನ ವಾಸನೆ, ಸುಲಿಯುವವರಿಗೆ ಅಮ್ಮ ಮಾಡಿ ಕಳಿಸುವ ಕಾಫಿ. ಇದನ್ನೆಲ್ಲ ನೋಡಲು ಬೆಂಗಳೂರಿನವರು ದುಡ್ಡು ಕೊಟ್ಟು ಬರುತ್ತಾರೆ ಎಂದು ನೀನು ಹೇಳಿದ್ದು ನಿಜ, ಅದರಲ್ಲಿ ತಪ್ಪೂ ಇಲ್ಲ. ಆದರೆ ಎಪ್ಪತ್ತೆಂಟರ ಅಮ್ಮ ತನ್ನ ಜಗುಲಿಯಲ್ಲಿಯೇ ನೋಡುವ ವಸ್ತುವಾಗುವುದು ನನಗೆ ಬೇಡ.

ಇನ್ನೊಂದು ಮಾತು. ಹೂಂ ಎಂದಾಗ ನನ್ನ ಮನಸ್ಸಿನಲ್ಲಿ ಆದಾಯದ ಲೆಕ್ಕವಿರಲಿಲ್ಲ. ಅಮ್ಮನ ಸುತ್ತ ನಾಲ್ಕು ಜನ ಇರಲಿ ಎಂದುಕೊಂಡಿದ್ದೆ. ಅದರ ತಳದಲ್ಲಿ, ಜನ ಬಂದುಹೋಗುವ ಮನೆಯಾದರೆ ನಾನು ಬಾರದಿರುವುದು ಅಷ್ಟಾಗಿ ಎದ್ದು ಕಾಣುವುದಿಲ್ಲ ಎಂಬ ಆಸೆಯೂ ಇತ್ತು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ರಾತ್ರಿ ಮಲಗಲು ನನ್ನಿಂದ ಆಗುತ್ತಿಲ್ಲ ಶ್ರೀಪಾದ. ಅವರ ಕೆಮ್ಮು ಕೇಳದ ಕತ್ತಲೆ ಸಹಿಸಲಾರದ್ದು. ಊರಿಗೆ ಬಂದಾಗಲೆಲ್ಲ ಶಿವಮೊಗ್ಗದಲ್ಲಿ ಕೆಲಸವಿದೆ ಎಂದು ಹೇಳಿ ಲಾಡ್ಜಿನಲ್ಲಿ ಉಳಿಯುತ್ತಿದ್ದುದು ಅದಕ್ಕೇ. ಅಮ್ಮನಿಗೆ ಗೊತ್ತಿದೆ ಎಂದು ನನಗೆ ಅನ್ನಿಸುತ್ತದೆ. ಒಂದು ದಿನವೂ ಕೇಳಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತವನಲ್ಲ ನಾನು. ಇರಲಿ, ಕೆಲಸದ ಮಾತಿಗೆ ಬರೋಣ. ಹೋಂಸ್ಟೇ ಆಗುವುದಾದರೆ ದೇವರ ಕೋಣೆ, ಅಡುಗೆಮನೆ, ಅಮ್ಮನ ಕೋಣೆ ಇವು ಅತಿಥಿಗಳಿಗಿಲ್ಲ. ಕೊಯ್ಲಿನ ತಿಂಗಳಲ್ಲಿ ಬುಕಿಂಗ್ ಬೇಡ. ಬಚ್ಚಲಿನ ಹಂಡೆ ತೆಗೆದು ಗೀಸರ್ ಹಾಕಿಸುವ ನಿನ್ನ ಯೋಜನೆಗೆ ನನ್ನ ಒಪ್ಪಿಗೆಯಿಲ್ಲ. ಅಮ್ಮನನ್ನು ನೀನು ಕೇಳಬೇಡ, ನಾನೇ ಬಂದು ಕೇಳುತ್ತೇನೆ. ಅವಳು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಜನವರಿಯಲ್ಲಿ ಬರುತ್ತೇವೆ, ಈ ಸಲ ಮನೆಯಲ್ಲಿಯೇ ಉಳಿಯುತ್ತೇವೆ. ಮೊದಲ ರಾತ್ರಿ ನೀನೂ ಬಂದು ಜಗುಲಿಯಲ್ಲಿ ಮಲಗು. ಬಸ್ ಸ್ಟ್ಯಾಂಡಿಗೆ ಬರುವಾಗ ಹೆಡ್‌ಮಾಸ್ತರರ ಆ ಕೊಡೆಯನ್ನು ಮಾತ್ರ ತರಬೇಡ. ಅದರ ಕಥೆಯನ್ನು ಇವಳಿಗೆ ನಾನಿನ್ನೂ ಹೇಳಿಲ್ಲ.

ನಿನ್ನ,
ರಘು