ಅಡಿಕೆ ಕೊಟ್ಟವರಿಗೆ, ಲೆಕ್ಕ ಕೇಳಿದವರಿಗೆ

ಕಳೆದ ವಾರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಥೀಸಿಸ್‌ನ ಶುರುವಿನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇದೆ. ಅದು ಇಂಗ್ಲಿಷಿನಲ್ಲಿದೆ. ಅಲ್ಲಿ ಹೆಸರಿರುವ ಅರ್ಧ ಜನ ಅದನ್ನು ಯಾವತ್ತೂ ತೆರೆದು ನೋಡುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಕೇಳಿದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ರಾಸಾಯನಿಕ ಎಷ್ಟಿದೆ ಅಂತ ಎಚ್‌ಪಿಎಲ್‌ಸಿ ಯಂತ್ರದಲ್ಲಿ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಯಂತ್ರ) ಅಳೆಯಲು ಒಂದು ವಿಧಾನ ಕಟ್ಟುವುದು. ಆಮೇಲೆ ಅದು ಕೊಡುವ ಉತ್ತರವನ್ನು ನಂಬಬಹುದು ಅಂತ ತೋರಿಸುವುದು. ಈ ಎರಡನೆಯದಕ್ಕೆ ವ್ಯಾಲಿಡೇಶನ್ ಅನ್ನುತ್ತಾರೆ. ಹೆಚ್ಚು ಸಮಯ ತಿಂದದ್ದು ಅದೇ. ಒಬ್ಬರೇ ಕೂತು ಮಾಡುವ ಕೆಲಸವೂ ಅಲ್ಲ ಅದು.

ಮೊದಲ ಥ್ಯಾಂಕ್ಸ್ ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದವರಿಗೆ. ಅಡಿಕೆಯ ಸ್ಯಾಂಪಲ್ ಕೇಳಿಕೊಂಡು ಮಲೆನಾಡಿನ ಮನೆಗೆ ಹೋಗುವುದು ಸುಲಭ ಇಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2021ರಲ್ಲಿ ಅರೆಕೋಲಿನ್ ಕೂಡ 2ಬಿ ಗುಂಪಿಗೆ ಸೇರಿತು, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಸಾಲಿಗೆ. ಇದೆಲ್ಲ ತೋಟದವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ರೇಟ್ ಇಳಿದಾಗಲೆಲ್ಲ ಮಾತಾಡುವುದು ಇದನ್ನೇ.

ನಮ್ಮ ದೊಡ್ಡಪ್ಪ ಜಗಲಿಯಲ್ಲಿ ಕೂತು ನೇರವಾಗಿ ಕೇಳಿದರು: "ಎಂತ ಮಾರಾಯ್ತಿ, ಅಡಿಕೆ ದುಡ್ಡಲ್ಲೇ ಓದಿ ಅಡಿಕೆ ಮೇಲೇ ದೂರು ಬರೀತೀಯಾ?" ನಾನು ಅಳೆಯುವುದು ಮಾತ್ರ, ದೂರು ಬರೆಯುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದರು. "ಅಳೆಯೋದಾದ್ರೆ ಸರಿಯಾಗಿ ಅಳಿ. ಜಾಸ್ತಿನೂ ಬರೀಬೇಡ, ಕಮ್ಮಿನೂ ಬರೀಬೇಡ" ಅಂತ ಹೇಳಿ, ಅಡಿಕೆ ಕೊನೆ (ಗೊಂಚಲು) ತೆಗೆಯುವ ದಿನ ಫೋನ್ ಮಾಡಿದರು. ವ್ಯಾಲಿಡೇಶನ್ ಬಗ್ಗೆ ನಾನು ಓದಿದ ಪುಸ್ತಕಗಳು ಇದನ್ನೇ ಹತ್ತಾರು ಪುಟ ಹೇಳುತ್ತವೆ.

ದೊಡ್ಡಮ್ಮನ ಸಹಾಯ ಇನ್ನೂ ದೊಡ್ಡದು. ಬೇಯಿಸುವ ಮೊದಲು ಮತ್ತು ಬೆಂದ ಮೇಲೆ ಅರೆಕೋಲಿನ್ ಎಷ್ಟು ಬದಲಾಗುತ್ತದೆ ಅಂತ ನೋಡಬೇಕಿತ್ತು. ಅದಕ್ಕೆ ಒಂದೇ ಮರದ, ಒಂದೇ ಕೊನೆಯ ಅಡಿಕೆ ಬೇಕು. ಸುಲಿಯುವವರ ಮೆಟ್ಟುಗತ್ತಿಯ ಪಕ್ಕದಲ್ಲೇ ಒಂದು ಬುಟ್ಟಿ ಇಟ್ಟುಕೊಂಡು, ನನ್ನ ಅಡಿಕೆ ಬೇರೆ ರಾಶಿಗೆ ಸೇರದ ಹಾಗೆ ಕಾದರು. ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸುವ ಕೆಂಪು ನೀರು) ಕುದಿಯುತ್ತಿರುವಾಗ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟರು. ನಡುನಡುವೆ ಸೌಟಿನಲ್ಲಿ ಗಂಟು ಎತ್ತಿ ನನ್ನ ಡಬ್ಬಿಗೆ ನಾಲ್ಕು ಹಾಕಿ, ಗಡಿಯಾರ ನೋಡಿ ಹೊತ್ತು ಕೂಗಿ ಹೇಳುವರು. ಬಟ್ಟೆ ಕೆಂಪಾಗಿ ಹಾಳಾಯಿತು. ಹೊಸದು ಇನ್ನೂ ಕೊಡಿಸಿಲ್ಲ.

ಗೈಡ್ ಮೇಡಂಗೆ ಥ್ಯಾಂಕ್ಸ್ ಹೇಳುವುದು ಕಷ್ಟ, ಎಲ್ಲಿಂದ ಶುರು ಮಾಡಲಿ? ಅರೆಕೋಲಿನ್ ಕ್ಷಾರ ಗುಣದ ಚಿಕ್ಕ ಅಣು. ಯಂತ್ರದಲ್ಲಿ ವಸ್ತುಗಳನ್ನು ಬೇರೆ ಮಾಡುವ ಕೊಳವೆ, ಅಂದರೆ ಕಾಲಂ, ಅದರೊಳಗಿನ ಸಿಲಿಕಾಗೆ ಅಂಟಿಕೊಳ್ಳುತ್ತದೆ. ಯಂತ್ರ ಬರೆಯುವ ಗೆರೆಯಲ್ಲಿ ಗೋಪುರದ ಹಾಗೆ ನೇರ ನಿಲ್ಲಬೇಕಾದ ಪೀಕ್ ಬಾಲ ಎಳೆದುಕೊಂಡು ಬರುತ್ತದೆ. ಬಾಲ ಹೋಗಲಿ ಅಂತ ಬಫರ್ (ಕಾಲಂನಲ್ಲಿ ಹರಿಸುವ ಉಪ್ಪಿನ ದ್ರಾವಣ) ಆಮ್ಲದ ಕಡೆ ತಂದರೆ ಅರೆಕೋಲಿನ್ ತುಂಬ ಬೇಗ ಹೊರಬಂದು, ಅಡಿಕೆಯ ಒಗರಿನ ಟ್ಯಾನಿನ್‌ಗಳ ಗುಂಪಿನಲ್ಲಿ ಕಳೆದುಹೋಗುತ್ತದೆ. 215 ನ್ಯಾನೋಮೀಟರ್ ಹತ್ತಿರದ ಬೆಳಕಿನಲ್ಲಿ ಅಳೆಯುವಾಗ ಅವೂ ಅಲ್ಲೇ ಕಾಣುತ್ತವೆ. ಮೇಡಂ ಉತ್ತರ ಹೇಳಿಕೊಡಲಿಲ್ಲ. ಆ ಗೆರೆಯ ಹಾಳೆ, ಅಂದರೆ ಕ್ರೊಮ್ಯಾಟೋಗ್ರಾಮ್ ಮೇಲೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಕೊಡುತ್ತಿದ್ದರು, ಅಷ್ಟೇ. ಒಂದನ್ನು ಮಾತ್ರ ಮೊದಲ ದಿನವೇ ಎಚ್ಚರಿಸಿದ್ದರು: ಎಲೆ ಅಡಿಕೆಗೆ ಸುಣ್ಣ ಸೇರಿದರೆ ಅರೆಕೋಲಿನ್ ಒಡೆದು ಅರೆಕೈಡಿನ್ ಅನ್ನುವ ಬೇರೆ ವಸ್ತು ಆಗುತ್ತದೆ, ಲ್ಯಾಬಿನಲ್ಲೂ ಕ್ಷಾರ ಜಾಸ್ತಿಯಾದರೆ ಅದೇ ಕತೆ.

2023ರ ನವೆಂಬರಿನಲ್ಲಿ ಐಸಿಎಚ್ (ಔಷಧ ನಿಯಮಗಳನ್ನು ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ) ಹೊರತರುವ ಕ್ಯೂ2 ಅನ್ನುವ ವ್ಯಾಲಿಡೇಶನ್ ಮಾರ್ಗಸೂಚಿಯ ಹೊಸ ಆವೃತ್ತಿ ಬಂತು. ಅದು ಔಷಧಗಳಿಗೆ ಬರೆದದ್ದು, ನಾವು ಅದರ ಚೌಕಟ್ಟನ್ನು ಎರವಲು ಪಡೆದಿದ್ದೆವು. ಬರೆದಿಟ್ಟ ಅಧ್ಯಾಯವನ್ನು ಮೇಡಂ ಮತ್ತೆ ಓದಿಸಿದರು. ಆಗ ಬೈದುಕೊಂಡಿದ್ದೆ. ವೈವಾದಲ್ಲಿ ಅದರ ಬಗ್ಗೆಯೇ ಪ್ರಶ್ನೆ ಬಂತು.

ಹೆಸರೇ ಗೊತ್ತಿಲ್ಲದ ಒಬ್ಬರಿಗೂ ಥ್ಯಾಂಕ್ಸ್. ಪತ್ರಿಕೆಗೆ ಕಳಿಸಿದ ನಮ್ಮ ಪೇಪರ್ ಓದಿದ ರಿವ್ಯೂವರ್ ಒಂದೇ ಸಾಲು ಕೇಳಿದ್ದರು: ನಿಮ್ಮ ಬ್ಲ್ಯಾಂಕ್, ಅಂದರೆ ಅರೆಕೋಲಿನ್ ಇಲ್ಲದ ಸ್ಯಾಂಪಲ್, ಎಲ್ಲಿ? ನ್ಯಾಯವಾದ ಪ್ರಶ್ನೆ. ಅರೆಕೋಲಿನ್ ಇಲ್ಲದ ಅಡಿಕೆ ಎಲ್ಲಿಂದ ತರುವುದು? ಹಾಗಾಗಿ ಅಡಿಕೆ ಪುಡಿಗೇ ಗೊತ್ತಿರುವಷ್ಟು ಅರೆಕೋಲಿನ್ ಸೇರಿಸಿ, ಸೇರಿಸಿದ್ದರಲ್ಲಿ ಎಷ್ಟು ವಾಪಸ್ ಸಿಗುತ್ತದೆ ಅಂತ ನೋಡಿದೆವು. ಮೂರು ಮಟ್ಟ, ಒಂದೊಂದಕ್ಕೆ ಮೂರು ಸಲ. ಥೀಸಿಸ್‌ನಲ್ಲಿ ನನಗೆ ಇಷ್ಟವಾದ ಭಾಗ ಅದೇ.

ಬೆಂಗಳೂರಿನ ಔಷಧ ಕಂಪನಿಯಲ್ಲಿರುವ ಸೀನಿಯರ್ ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಅವರ ಮೊದಲ ಮಾತು "ಸಾಲ್ಟ್ ಕರೆಕ್ಷನ್ ಮಾಡಿದ್ಯಾ?" ಹೋಲಿಸಿ ಅಳೆಯಲು ಬಾಟಲಿಯಲ್ಲಿ ಬರುವುದು ಬರೀ ಅರೆಕೋಲಿನ್ ಅಲ್ಲ, ಅದರ ಉಪ್ಪಾದ ಹೈಡ್ರೊಬ್ರೊಮೈಡ್, ಅಣುಭಾರ ಸುಮಾರು 236. ಅರೆಕೋಲಿನ್‌ದು ಸುಮಾರು 155. ಆ ವ್ಯತ್ಯಾಸ ಲೆಕ್ಕದಲ್ಲಿ ಸರಿಪಡಿಸಬೇಕು. ಮಾಡಿದ್ದೆ ಅಕ್ಕಾ, ಪ್ರತಿ ಸಲವೂ.

ಲ್ಯಾಬಿನ ಅಟೆಂಡರ್ ಅಣ್ಣನಿಗೆ ಎಚ್‌ಪಿಎಲ್‌ಸಿಯ ಥಿಯರಿ ಗೊತ್ತಿಲ್ಲ. ಆದರೆ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ, ಬಫರ್ ಕಾಲಂನಲ್ಲೇ ನಿಂತು ಉಪ್ಪು ಕಟ್ಟಬಾರದು ಅಂತ ಗೊತ್ತು. ಯುಪಿಎಸ್ ಕೂಗಲು ಶುರುವಾದ ಕೂಡಲೇ ಶುದ್ಧ ನೀರಿನ ಬಾಟಲಿ ಹಿಡಿದು ಓಡಿಬರುತ್ತಿದ್ದರು. ಆ ಕಾಲಂ ಇವತ್ತಿಗೂ ಓಡುತ್ತಿದೆ.

ಹಾಸ್ಟೆಲ್ ಗೆಳತಿಯರಿಗೆ, ಅಮ್ಮನಿಗೆ, ತಮ್ಮನಿಗೆ ಎದುರಿಗೇ ಹೇಳಿದ್ದೇನೆ.

ಉಳಿದದ್ದು ಜೂನಿಯರ್ ಹುಡುಗ. ಬೇರೆ ದಿನ, ಬೇರೆ ಕೈಯಲ್ಲಿ ಮಾಡಿದರೂ ಉತ್ತರ ಹೊಂದಬೇಕು ಅನ್ನುವುದು ವ್ಯಾಲಿಡೇಶನ್‌ನ ಒಂದು ಭಾಗ. ನಾನು ಬರೆದಿಟ್ಟ ಹಾಳೆ ಮಾತ್ರ ಕೊಟ್ಟು ಹೊರಗೆ ಕೂತೆ. ಅವನು ಬಾಗಿಲಿಗೆ ಬಂದು "ಅಕ್ಕಾ, 'ಚೆನ್ನಾಗಿ ಅಲುಗಾಡಿಸಿ' ಅಂದ್ರೆ ಎಷ್ಟು ಹೊತ್ತು?" ಅಂದ. ನಿಮಿಷ ಬರೆಸಿಯೇ ಒಳಗೆ ಹೋದ. ಅವನ ಉತ್ತರ, ನನ್ನ ಉತ್ತರ ಹೊಂದಿದವು. ಮುಂದಿನ ಕೆಲಸ ಅವನದೇ.

ಸ್ಯಾಂಪಲ್ ಕೊಟ್ಟವರಿಗೆ: ನಿಮ್ಮ ನಿಮ್ಮ ತೋಟದ ಅಡಿಕೆಯ ಲೆಕ್ಕವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆಯುತ್ತಿದ್ದೇನೆ. ಈ ಸಲದ ಸುಲಿ ಮುಗಿಯುವ ಹೊತ್ತಿಗೆ ಕೈಗೆ ತಲುಪಿಸುತ್ತೇನೆ. ಅರ್ಥ ಆಗದ್ದು ಇದ್ದರೆ ಅಲ್ಲೇ ಕೇಳಿ. ದೊಡ್ಡಪ್ಪ ಈಗಾಗಲೇ ಕೇಳಿಯಾಗಿದೆ: ಪಕ್ಕದ ತೋಟದ್ದು ಎಷ್ಟು ಬಂತು ಅಂತ. ಅದನ್ನು ಮಾತ್ರ ಹೇಳುವುದಿಲ್ಲ.